ಪಾದದ ಅಳತೆ

ನನ್ನ ತಮ್ಮನ ಕಾಲೂ ನನ್ನ ಕಾಲೂ ಒಂದೇ ಅಳತೆ. ಹೆಣ್ಣುಮಗಳಿಗೆ ಇಷ್ಟುದ್ದ ಪಾದ ಯಾಕೆ ಬಂತೋ, ದೇವರಿಗೇ ಗೊತ್ತು. ಮಾನ್ವಿ ಸಂತೆಯಲ್ಲಿ ಅಪ್ಪ ನನಗೆಂದು ಕೊಂಡ ಚಪ್ಪಲಿಯನ್ನು ಅವನು ಮೆಟ್ಟಿಕೊಂಡು ಓಡಿಬಿಡುತ್ತಿದ್ದ; ನಾನು ದೇವದುರ್ಗದ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಅವನ ಬೆನ್ನು ಹತ್ತುತ್ತಿದ್ದೆ. "ಅಕ್ಕಾ, ನಿಂದು ಆನಿ ಪಾದ, ಚಪ್ಪಲಿ ಯಾಕ ಬೇಕು ನಿನಗ?" ಎಂದು ಕೆಣಕುತ್ತಿದ್ದ. ಈಗಲೂ ರಾಯಚೂರಿನಲ್ಲಿ ಚಪ್ಪಲಿ ಅಂಗಡಿಗೆ ಹೋದರೆ ನನ್ನ ಕಣ್ಣು ಮೊದಲು ಗಂಡಸರ ಚಪ್ಪಲಿಯ ಕಡೆ ಹೋಗುತ್ತದೆ.

ಅವನು ರಷ್ಯಾಕ್ಕೆ ಹೋದದ್ದು ಹೋಟೆಲಿನ ಅಡುಗೆ ಕೆಲಸಕ್ಕೆ. ಎರಡು ಚಳಿಗಾಲ ಕಳೆದ ಮೇಲೆ, ಅಲ್ಲಿನ ಸೈನ್ಯ ಸೇರಿದ್ದೇನೆಂದು ಫೋನಿನಲ್ಲಿ ಹೇಳಿದ. ಸೇರಿದರೆ ಅಲ್ಲಿನ ಪೌರತ್ವ ಬೇಗ ಸಿಗುತ್ತದಂತೆ. ನಾನು ಬಾಯಿಗೆ ಬಂದಂತೆ ಬೈದೆ. ಯಾರ ಜಗಳಕ್ಕೆ ಯಾರ ಮನೆಯ ಮಗ? ಅವನು ನಕ್ಕು, ಫೋನನ್ನು ಕಾಲಿನ ಕಡೆ ತಿರುಗಿಸಿದ.

"ನೋಡಕ್ಕಾ, ಬೂಟು ಭಾಳ ದೊಡ್ಡವು ಕೊಟ್ಟಾರ. ಎರಡೆರಡು ಸಾಕ್ಸ್ ಹಾಕ್ಕೊಂಡು ನಡ್ಯಾಕತ್ತೀನಿ. ಇವು ನಿನಗೂ ಆಗಂಗಿಲ್ಲ ಬಿಡು."

ಅದೇ ಅವನ ಕೊನೆಯ ಮಾತು. ಯುದ್ಧದಲ್ಲಿ ಸತ್ತನೆಂಬ ಸುದ್ದಿ ಬಂದ ಮೇಲೆ ದೇಹಕ್ಕಾಗಿ ವಾರಗಟ್ಟಲೆ ಕಾದೆವು. ಕೊನೆಗೆ ಹೈದರಾಬಾದಿಗೆ ಬಂದಿದೆ ಎಂದು ತಿಳಿದು, ತೀರಿಹೋದ ಅಪ್ಪನ ಬದಲು ಚಿಕ್ಕಪ್ಪ ತರಲು ಹೋದರು. ನಾನು ದೇವದುರ್ಗದಲ್ಲಿ ಅವ್ವನ ಪಕ್ಕದಲ್ಲಿದ್ದೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕುಣಿಯೊಳಗೆ ಕೂರಿಸುತ್ತೇವೆ. ಆ ಕುಣಿಯ ಅಳತೆಯೂ ಸತ್ತವರ ಪಾದದ್ದೇ. ಪಾದಕ್ಕೆ ದಾರ ಹಿಡಿದು, ಅದರ ಲೆಕ್ಕದಲ್ಲೇ ತೋಡುತ್ತಾರೆ. ದೇಹ ಬಂದ ಕೂಡಲೇ ಮಣ್ಣು ಮಾಡಬೇಕೆಂದು ಹಿರಿಯರು ಬೆಳಿಗ್ಗೆಯೇ ಕುಣಿ ತೋಡಿಸಲು ಹೊಲಕ್ಕೆ ಹೊರಟರು. ಕ್ರಿಯೆ ನಡೆಸುವ ಅಯ್ಯನವರು ದಾರ ಹಿಡಿದು ಅಂಗಳಕ್ಕೆ ಬಂದರು.

"ಪಾದದ ಅಳತಿ ಬೇಕಲ್ಲ ಯವ್ವಾ. ಏನ್ ಮಾಡೋದು?"

ಅವ್ವ ಅವನ ಹಳೆಯ ಚಪ್ಪಲಿ ತರಲು ಎದ್ದಳು. ಚಪ್ಪಲಿಯಿಂದ ಅಳೆಯಬಾರದು ಎಂದರು ಅಯ್ಯನವರು. ನಾನು ಕಟ್ಟೆಯ ಮೇಲೆ ಕುಳಿತು ಬಲಗಾಲು ಚಾಚಿದೆ.

"ನಂದು ಅಳೀರಿ. ಅವಂದೂ ಇಷ್ಟ ಅದ."

ಅಯ್ಯನವರು ಅವ್ವನ ಮುಖ ನೋಡಿದರು. ಅವ್ವ ಆಗಲಿ ಎಂದು ತಲೆಯಾಡಿಸಿದಳು. ಹಿಮ್ಮಡಿಯಿಂದ ಹೆಬ್ಬೆರಳಿನ ತನಕ ದಾರ ಹಿಡಿದಾಗ ಕಚಗುಳಿಯಾಯಿತು. ಅಂಥ ಹೊತ್ತಿನಲ್ಲೂ ನಗು ಬಂತು, ಅದರ ಹಿಂದೆಯೇ ಅಳು. ಅವನು ಪೆಟ್ಟಿಗೆಯಲ್ಲಿ ಬರುತ್ತಾನೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗಾಡಿ ಕಲ್ಮಲ ದಾಟಿತೆಂದು ಫೋನ್ ಬಂದಾಗ ಅವ್ವ ಅವನನ್ನು ಕೂರಿಸಲು ಗೋಡೆಗೆ ಮಣೆ ಹಾಕಿ, ವಿಭೂತಿ ಕಲಸಿಟ್ಟಳು. ಇಳಿದದ್ದು ಉದ್ದನೆಯ ತಗಡಿನ ಪೆಟ್ಟಿಗೆ. ಮುಚ್ಚಳದ ಸುತ್ತಲೂ ಬೆಸುಗೆ.

"ತೆರೀಬಾರದಂತ ಹೇಳ್ಯಾರವ್ವಾ. ನೋಡುವಂಗ ಇಲ್ಲಂತ," ಎಂದರು ಚಿಕ್ಕಪ್ಪ.

"ಒಂದ ಸಲ ಕೂಡಿಸ್ರೀ ನನ್ನ ಮಗನ್ನ," ಎಂದು ಅವ್ವ ಎಲ್ಲರಿಗೂ ಕೈಮುಗಿದಳು. ಅವರು ಪೆಟ್ಟಿಗೆಯನ್ನು ಹೆಗಲಿಗೆತ್ತಿದರು.

ಹೊಲದಲ್ಲಿ ಪೆಟ್ಟಿಗೆ ಕುಣಿಗೆ ಹಿಡಿಸಲಿಲ್ಲ. ಕೂರುವವನಿಗೆಂದು ತೋಡಿದ ಕುಣಿಯನ್ನು ಒಂದು ಕಡೆ ಕಡಿದು ಉದ್ದ ಮಾಡಿದರು. ಅಷ್ಟು ಹೊತ್ತು ಪೆಟ್ಟಿಗೆ ಬಿಸಿಲಿನಲ್ಲಿತ್ತು. ಅವ್ವ ತಗಡಿನ ಮೇಲೇ ವಿಭೂತಿ ಎಳೆದಳು. ನನಗೆ ಅವನ ಮುಖ ತೋರಿಸದಿದ್ದರೂ ನಡೆಯುತ್ತಿತ್ತು. ಪಾದ ನೋಡಬೇಕಿತ್ತು, ಮುಟ್ಟಬೇಕಿತ್ತು. ಆ ದೊಡ್ಡ ಬೂಟುಗಳನ್ನು ಯಾರಾದರೂ ಕಳಚಿದರೋ ಇಲ್ಲವೋ.

"ಇದರಾಗ ಅವನ ಕಾಲು ಯಾವ ಕಡಿ ಅದಾವ್ರೀ?" ಎಂದು ಅಯ್ಯನವರನ್ನು ಕೇಳಿದೆ.

ಅವರಿಗೂ ಗೊತ್ತಿರಲಿಲ್ಲ. ನಾನು ಪೆಟ್ಟಿಗೆಯ ಎರಡೂ ತುದಿಗೆ ಹಣೆ ಹಚ್ಚಿದೆ.