ಅಕ್ಕ ಇಟ್ಟುಕೊಂಡ ಸಿಟ್ಟು

ಸಿಟ್ಟು ಬಂದರೆ ಅಕ್ಕನ ಮೂಗುತಿ ನಡುಗುತ್ತಿತ್ತು. ಬಾಯಿ ನಗುತ್ತಲೇ ಇರುತ್ತಿತ್ತು, ದನಿ ಚೂರೂ ಏರುತ್ತಿರಲಿಲ್ಲ, ಹೊಳ್ಳೆ ಅರಳಿ ಆ ಬಿಳಿ ಹರಳು ಮಾತ್ರ ಸಣ್ಣಗೆ ಅಲುಗುತ್ತಿತ್ತು. ನವಿ ಮುಂಬಯಿಯ ನಮ್ಮ ಕಾಲೇಜಿನಲ್ಲಿ ವರ್ಷಗಟ್ಟಲೆ ಅವರ ಎದುರಿನ ಮೇಜಿನಲ್ಲಿ ಕೂತ ನನಗೆ ಇದು ಗೊತ್ತಿತ್ತು. ಪ್ರಿನ್ಸಿಪಾಲರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅಕ್ಕ ಬಹಳ ಶಾಂತ ಸ್ವಭಾವದವರು ಎಂದು ಅವರು ಪ್ರತಿ ಸಮಾರಂಭದಲ್ಲೂ ಹೊಗಳುತ್ತಿದ್ದರು.

ಅಕ್ಕ ವಿದೇಶಿ ವಿದ್ಯಾರ್ಥಿಗಳ ವಿಭಾಗದ ಮುಖ್ಯಸ್ಥೆ, ನಾನು ಅವರ ಸಹಾಯಕಿ. ಅವರು ಉಡುಪಿಯ ಕಡೆಯಿಂದ ಮದುವೆಯಾಗಿ ಬಂದು ಠಾಕುರ್ಲಿಯಲ್ಲಿ ನೆಲೆಸಿದವರು, ನಾನು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ನಾನು ಅಕ್ಕ ಅಕ್ಕ ಎನ್ನುವುದನ್ನು ಕೇಳಿ ನೇಪಾಳ, ಕೀನ್ಯಾ, ಟಾಂಜಾನಿಯಾದ ಮಕ್ಕಳೆಲ್ಲ ಅದೇ ಅವರ ಹೆಸರು ಎಂದುಕೊಂಡಿದ್ದರು. ವೀಸಾ, ಪೊಲೀಸ್ ರಿಜಿಸ್ಟ್ರೇಶನ್, ಬಾಡಿಗೆ ಮನೆ, ಹಲ್ಲುನೋವು, ಮುರಿದ ಪ್ರೇಮ ಎಲ್ಲಕ್ಕೂ ಅಕ್ಕನೇ ಆಗಬೇಕು.

ಓದು ಮುಗಿಸಿ ಹೊರಡುವವರಿಗೆ ಕಾಲೇಜು ಒಂದು ಫಾರ್ಮ್ ಕೊಡುತ್ತಿತ್ತು: ಲೈಬ್ರರಿ ಹೇಗಿತ್ತು, ಕ್ಯಾಂಟೀನ್ ಹೇಗಿತ್ತು. ಅಕ್ಕ ಅದನ್ನು ಪಕ್ಕಕ್ಕೆ ಸರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇಲ್ಲಿ ನಿನಗೆ ಯಾರು ಕೆಟ್ಟದ್ದು ಮಾಡಿದ್ರು?" ಹುಡುಗರು ಮೊದಲು ನಾಚಿಕೊಳ್ಳುತ್ತಿದ್ದರು. ಆಮೇಲೆ ಹೇಳುತ್ತಿದ್ದರು, ಕೆಲವರು ಅಳುತ್ತಲೂ ಇದ್ದರು. ಅಕ್ಕ ಒಂದಕ್ಷರ ಬರೆದುಕೊಳ್ಳದೆ ಪೂರ್ತಿ ಕೇಳುತ್ತಿದ್ದರು. ಇದೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದೆ.

"ಒಳ್ಳೇದನ್ನು ಅವರು ತೆಗೊಂಡು ಹೋಗಲಿ ಮಾರಾಯ್ತಿ. ಕೆಟ್ಟದ್ದನ್ನು ನಾನು ಇಟ್ಟುಕೊಳ್ತೇನೆ. ಹಗುರಾಗಿ ವಿಮಾನ ಹತ್ತಲಿ" ಅಂದರು.

ಇಟ್ಟುಕೊಂಡದ್ದನ್ನು ಅವರು ಎಂದೂ ಕೆಳಗಿಳಿಸಲಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘದ ಹೆಸರಿನಲ್ಲಿ ಮ್ಯಾನೇಜ್‌ಮೆಂಟಿನವರು ಘೋಡಬಂದರ್ ರಸ್ತೆಯ ದೊಡ್ಡ ಹೋಟೆಲಿನಲ್ಲಿ ಕೂಟ ನಡೆಸುತ್ತಿದ್ದರು, ಬಣ್ಣಬಣ್ಣದ ಇ-ಮೇಲ್ ಕಳಿಸುತ್ತಿದ್ದರು, ಉತ್ತರ ಬರುತ್ತಿರಲಿಲ್ಲ. ಅಕ್ಕ ಮಾತ್ರ ಮಧ್ಯಾಹ್ನ ಮೊಸರನ್ನ ಕಲಸುತ್ತಾ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ನಿನ್ನ ಅಮ್ಮನ ಮೊಣಕಾಲು ಹೇಗುಂಟು, ಆ ಕೆಟ್ಟ ಬಾಸ್ ಇನ್ನೂ ಇದ್ದಾನಾ. ಡಬ್ಬಿ ಮುಚ್ಚುವಷ್ಟರಲ್ಲಿ ಆಫ್ರಿಕಾದ ಲುಸಾಕಾದಿಂದಲೂ ನೇಪಾಳದ ಪೋಖರಾದಿಂದಲೂ ಉತ್ತರ ಬಂದಿರುತ್ತಿತ್ತು.

ಅಕ್ಕನ ಸಿಟ್ಟಿನ ಪೂರ್ತಿ ರುಚಿ ಕಂಡವನು ಕೋಪರಖೈರಣೆಯ ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. ನಮ್ಮ ಕರಾವಳಿಯವನೇ, ಹೋಟೆಲಿನವನು. ಫಾರ್ಮಸಿ ಓದುತ್ತಿದ್ದ ಟಾಂಜಾನಿಯಾದ ಹುಡುಗಿಯೊಬ್ಬಳು ಗೆಳತಿಯರ ಜೊತೆ ಅಲ್ಲಿ ಬಾಡಿಗೆಗಿದ್ದಳು. ಒಣಮೀನಿನ ವಾಸನೆ ಬರುತ್ತದೆ, ಮೆಂಬರುಗಳ ಕಂಪ್ಲೇಂಟ್ ಇದೆ ಎಂದು ಹೇಳಿ ಒಂದು ಮಳೆಯ ಮಧ್ಯಾಹ್ನ ಅವರ ಸಾಮಾನನ್ನೆಲ್ಲ ವಾಚ್‌ಮನ್ ಕೈಯಿಂದ ಗೇಟಿನ ಹೊರಗೆ ಇಡಿಸಿದ. ಒಣಮೀನಿನ ವಾಸನೆ ಯಾರಿಗೆ? ಮಳೆಗಾಲವಿಡೀ ಒಣಸಿಗಡಿ ಚಟ್ನಿಯಲ್ಲಿ ಗಂಜಿ ಉಂಡು ಬೆಳೆದವನಿಗೆ! ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ.

ನಾವು ಹೋದಾಗ ಹುಡುಗಿಗೆ ಜ್ವರ, ಒದ್ದೆ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಅಕ್ಕ ಜಗಳಕ್ಕೆ ಇಳಿಯಲಿಲ್ಲ. "ಇವಳಿಗೆ ಮಾತ್ರೆ ನುಂಗಲಿಕ್ಕೆ ಒಂದು ಲೋಟ ನೀರು ಕೊಡ್ತೀರಾ?" ಎಂದು ಅವನನ್ನು ಕೇಳಿದರು.

"ಅಲ್ಲಿ ಗಾರ್ಡನ್ನಿನ ನಲ್ಲಿ ಉಂಟಲ್ಲ ಮೇಡಂ" ಅಂದು ಅವನು ಲಿಫ್ಟಿನೊಳಗೆ ಹೋದ.

ಮೂಗುತಿ ನಡುಗಿತು. ಹುಡುಗಿಯರು ಅವತ್ತು ಠಾಕುರ್ಲಿಯ ಅಕ್ಕನ ಮನೆಯಲ್ಲಿ ಮಲಗಿದರು, ಪರೀಕ್ಷೆ ಮುಗಿಯುವ ತನಕ ಅಲ್ಲೇ ಇದ್ದರು. ಊರಿಗೆ ಹೊರಟ ದಿನ ಅಕ್ಕನ ಪ್ರಶ್ನೆಗೆ ಟಾಂಜಾನಿಯಾದವಳು ಕೊಟ್ಟ ಉತ್ತರ "ವೋ ಗೇಟ್‌ವಾಲಾ" ಎಂಬುದಷ್ಟೇ: ಆ ಗೇಟಿನವನು.

ಕೆಲವು ವರ್ಷ ಕಳೆದ ಮೇಲೆ ಅದೇ ಗೇಟ್‌ವಾಲಾ ನಮ್ಮ ಆಫೀಸಿನ ಬಾಗಿಲಲ್ಲಿ ನಿಂತ. ಮಗ ಟಾಂಜಾನಿಯಾದ ದಾರ್-ಎಸ್-ಸಲಾಮಿನಲ್ಲಿ ಅಕೌಂಟೆಂಟ್ ಆಗಿ ಹೋಗಿದ್ದನಂತೆ. ಕಂಪನಿ ಮುಚ್ಚಿದೆ, ಮಲೇರಿಯಾ ತಲೆಗೇರಿದೆ, ಲಾಡ್ಜಿನಲ್ಲಿ ಒಬ್ಬನೇ ಬಿದ್ದಿದ್ದಾನೆ, ಈಗ ಫೋನೂ ಎತ್ತುತ್ತಿಲ್ಲ. ಆಫ್ರಿಕಾದಲ್ಲಿ ಊರೂರಿಗೆ ಜನ ಇರುವ ಮೇಡಂ ಒಬ್ಬರಿದ್ದಾರೆ ಎಂದು ಯಾರೋ ಹೇಳಿ ಕಳಿಸಿದ್ದರು. ಒಳಗೆ ಬಂದು ಅಕ್ಕನ ಮುಖ ನೋಡಿದ ಮೇಲೆ ಅವನಿಗೆ ಮಾತು ತೊದಲಿತು.

ನನಗೆ ಕುಣಿಯಬೇಕು ಅನ್ನಿಸಿತು. ಈಗ ನೋಡು, ಅಕ್ಕ ಇವನಿಗೆ ನಲ್ಲಿ ತೋರಿಸುತ್ತಾರೆ ಎಂದು ಕಾದೆ. ಅಕ್ಕ ಎದ್ದು ಲೋಟಕ್ಕೆ ನೀರು ಬಗ್ಗಿಸಿ ಅವನ ಮುಂದಿಟ್ಟರು. ಅವನು ಕುಡಿಯುವವರೆಗೆ ನಿಂತೇ ಇದ್ದರು. ಆಮೇಲೆ ಸ್ಪೀಕರ್ ಹಾಕಿ ಆ ಹುಡುಗಿಗೇ ಫೋನ್ ಮಾಡಿದರು. ಅವಳೀಗ ಅದೇ ಊರಿನ ಆಸ್ಪತ್ರೆಯೊಂದರಲ್ಲಿ ಔಷಧ ವಿಭಾಗ ನೋಡಿಕೊಳ್ಳುತ್ತಿದ್ದಳು. ಯಾರ ಮಗ ಎಂಬುದನ್ನು ಅಕ್ಕ ಬಿಡಿಸಿ ಹೇಳಿದರು.

"ಅಕ್ಕ, ವೋ ಗೇಟ್‌ವಾಲಾ?"

"ಹಾಂ. ವಹೀ. ಸಾಮ್ನೆ ಬೈಠಾ ಹೈ."

ಅವನೇ, ಎದುರಿಗೇ ಕೂತಿದ್ದಾನೆ ಎಂದ ಅಕ್ಕ ಫೋನನ್ನು ಅವನ ಕಡೆ ಸರಿಸಿದರು. ಅವನು ಖಾಲಿ ಲೋಟ ಹಿಡಿದು ಬೆವರುತ್ತಿದ್ದ. ಕೊನೆಗೆ ಅವಳು "ಅಡ್ರೆಸ್ ಭೇಜೋ", ವಿಳಾಸ ಕಳಿಸಿ, ಅಂದಳು.

ಅವಳೇ ಹೋಗಿ ಹುಡುಗನನ್ನು ಆಸ್ಪತ್ರೆಗೆ ಸೇರಿಸಿದಳು, ಚೇತರಿಸಿಕೊಳ್ಳುವ ತನಕ ತನ್ನ ಮನೆಯಲ್ಲೇ ಇಟ್ಟುಕೊಂಡಳು. ಅವಳ ತಾಯಿ ಅವನಿಗೆ ಗಂಜಿ ಕುಡಿಸುವ ವಿಡಿಯೋ ಬಂತು. ಅಕ್ಕ ಅದನ್ನು ತಕ್ಷಣ ಸೆಕ್ರೆಟರಿಗೆ ಕಳಿಸಿದರು.

"ಸೊಸೈಟಿಯಲ್ಲಿ ನಮ್ಮ ಮಕ್ಕಳಿಗೆ ಮನೆ ಕೊಡು ಅಂತಾದರೂ ಕೇಳಿ ಅಕ್ಕ" ಎಂದು ನಾನು ಹಟ ಹಿಡಿದೆ.

"ಕೇಳಿದ್ರೆ ಕೊಟ್ಟು ಕೈ ತೊಳ್ಕೊಳ್ತಾನೆ. ಅಲ್ಲಿಗೆ ಋಣ ತೀರಿತು. ತೀರಬಾರದು" ಅಂದರು ಅಕ್ಕ. ಬಾಯಿ ನಗುತ್ತಿತ್ತು.

ಅಂದಿನಿಂದ ತಿಂಗಳ ಮೊದಲ ಭಾನುವಾರ ಅಕ್ಕ ಅವನಿಗೆ ಫೋನ್ ಮಾಡತೊಡಗಿದರು. "ಮಗ ಹೇಗಿದ್ದಾನೆ? ಆ ಹುಡುಗಿ ಕೇಳ್ತಿದ್ದಳು." ಅಷ್ಟೇ, ಇಟ್ಟುಬಿಡುವುದು. ಅವನು ಮಿಠಾಯಿ ಕಳಿಸಿದ, ವಾಪಸ್ ಹೋಯಿತು. ಫ್ಲ್ಯಾಟ್ ಖಾಲಿ ಇದೆ, ಹುಡುಗಿಯರನ್ನು ಕಳಿಸಿ ಅಂದ. ನಮ್ಮವರಿಗೆ ಬೇರೆ ಕಡೆ ಚೆನ್ನಾಗಿ ಸಿಕ್ಕಿದೆ ಎಂದು ಅಕ್ಕ ನಯವಾಗಿ ಬೇಡವೆಂದರು. ಮದುವೆ, ಪೂಜೆ ಎಲ್ಲಿ ಸಿಕ್ಕರೂ ನಾಲ್ಕು ಜನರೆದುರು ಅದೇ ಪ್ರಶ್ನೆ. ಒಂದು ಸಲ ಅವನು ಚಪ್ಪರದ ಮೂಲೆಯಲ್ಲಿ ಕೈಮುಗಿದು, "ಅಕ್ಕ, ಒಮ್ಮೆ ಬಾಯ್ತುಂಬ ಬೈದುಬಿಡಿ" ಎಂದು ಬೇಡಿಕೊಂಡ.

"ಅಯ್ಯೋ, ಎಂತಕ್ಕೆ ಬೈಯುದು? ನೀವು ನಮ್ಮೂರಿನವರಲ್ವಾ" ಅಂದರು ಅಕ್ಕ. ಆ ಮಧ್ಯಾಹ್ನ ನಾನು ಹೋಳಿಗೆ ಇನ್ನೊಂದು ಹಾಕಿಸಿಕೊಂಡು ತಿಂದೆ.

ನಿವೃತ್ತಿಯಾದ ಮೇಲೆ ಅಕ್ಕನ ಹೃದಯ ಸೋಲತೊಡಗಿತು. ಕಲ್ಯಾಣದ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಿದ್ದಾಗ, ಬೇರೆ ಮಾತು ತೋಚದೆ, ಅವರ ಪ್ರಶ್ನೆಯನ್ನೇ ಅವರಿಗೆ ಕೇಳಿದೆ. "ಇಲ್ಲಿ ನಿಮಗೆ ಯಾರು ಕೆಟ್ಟದ್ದು ಮಾಡಿದ್ರು ಅಕ್ಕ?"

"ನನ್ನದೆಂತ ಇಲ್ಲ. ಮಕ್ಕಳದ್ದೇ ಇರುದು" ಅಂದರು. ತುಸು ಸುಧಾರಿಸಿಕೊಂಡು, "ಇನ್ನು ನೀನು ಇಟ್ಟುಕೊ" ಎಂದು ನನ್ನ ಕೈ ಒತ್ತಿದರು. ಮರುದಿನ ಹೋಗಿಬಿಟ್ಟರು.

ಡೊಂಬಿವಲಿಯ ಸ್ಮಶಾನಕ್ಕೆ ಸೆಕ್ರೆಟರಿಯೂ ಬಂದಿದ್ದ. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಪಾಪ, ದೊಡ್ಡ ಮನಸ್ಸು ಅವರದ್ದು" ಅಂದ. ಕಣ್ಣು ಒದ್ದೆಯಾಗಿತ್ತು, ನಿಜ. ಆದರೆ ಗೇಟಿನ ಕಡೆ ಹೋಗುವಾಗ ಅವನ ನಡಿಗೆ ಹಗುರಾದದ್ದನ್ನು ನಾನು ನೋಡಿದೆ. ಅಕ್ಕ ಇದ್ದಿದ್ದರೆ ಅವರೂ ನೋಡುತ್ತಿದ್ದರು.

ಅವರಿಗೆ ನಾನು ತೀರಿಸಬೇಕಾದದ್ದು ಬಹಳ ಇದೆ. ತಿಂಗಳ ಮೊದಲ ಭಾನುವಾರ ಬಂತು. ಬೆಳಿಗ್ಗೆ ಚಹಾ ಕುಡಿದು, ದಾರ್-ಎಸ್-ಸಲಾಮಿನ ಹುಡುಗಿಯ ಹತ್ತಿರ ಮಾತಾಡಿ, ಆಮೇಲೆ ಅವನ ನಂಬರು ಒತ್ತಿದೆ.

"ನಮಸ್ಕಾರ. ಅಕ್ಕನ ಆಫೀಸಿನಿಂದ ಮಾತಾಡ್ತಿದ್ದೇನೆ. ಮಗ ಹೇಗಿದ್ದಾನೆ?"

ಆ ಕಡೆ ಅವನು ಕುರ್ಚಿ ಎಳೆದು ಕೂತ ಸದ್ದಾಯಿತು. ನಾನು ಅವಸರ ಮಾಡಲಿಲ್ಲ.