ಬಸ್ಸು ಹತ್ತಿದ ಬೆಳ್ಳಿಯ ಗೂಬೆ

ನಿಮ್ಮ ಮಾಳಿಗೆಯ ಮೇಲೆ ಗೂಬೆ ಕೂತರೆ ನೀವು ಮೊದಲು ಹುಡುಕುವುದು ಕೋಲನ್ನೋ, ಕಾರಣವನ್ನೋ? ನಮ್ಮ ವಸತಿ ಸಮುಚ್ಚಯದ ನೀರಿನ ತೊಟ್ಟಿಯ ಮೇಲೆ ಮೊನ್ನೆಯಿಂದ ಒಂದು ಕೂತಿದೆ. ಕಾರ್ಯದರ್ಶಿಗಳು ಕೋಲು ಹುಡುಕುತ್ತಿದ್ದಾರೆ. ನಾನು ಮೇಜಿನ ಖಾನೆಯಿಂದ ಇನ್ನೊಂದು ಗೂಬೆಯನ್ನು ಹೊರತೆಗೆದೆ.

ಇದು ಬೆಳ್ಳಿಯದು. ಕುವೈತ್ ಸಿಟಿಯ ಹಳೆಯ ಪೇಟೆಯಲ್ಲಿ ಕೊಂಡ ಪುರಾತನ ಅಥೆನ್ಸಿನ ನಾಣ್ಯ. ಅಸಲಿಯೆಂದು ಅಂಗಡಿಯವನು ಆಣೆಯಿಟ್ಟ, ನಾನು ನಂಬಿದೆ. ಗ್ರೀಸಿನ ಪುಟ್ಟ ನಗರಗಳೂ ತಂತಮ್ಮ ನಾಣ್ಯ ಟಂಕಿಸುತ್ತಿದ್ದವು: ಏಜಿನಾ ಆಮೆಯನ್ನು, ಕೊರಿಂಥ್ ರೆಕ್ಕೆಯ ಕುದುರೆಯನ್ನು, ಅಥೆನ್ಸ್ ಒಂದು ಬದಿಗೆ ವಿವೇಕದ ದೇವಿಯನ್ನೂ ಇನ್ನೊಂದು ಬದಿಗೆ ಅವಳ ಗೂಬೆಯನ್ನೂ ಒತ್ತಿತು. ನಾವು ಅಪಶಕುನವೆಂದು ಅಟ್ಟುವ ಹಕ್ಕಿಯನ್ನು ಒಂದು ನಗರ ಅಂಗೈಯಲ್ಲಿಟ್ಟು ವ್ಯಾಪಾರ ಮಾಡಿತು. ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದ ನಾನು, ಕುವೈತಿನಲ್ಲಿ ಕೆಲಸಕ್ಕಿದ್ದಾಗ, ಸಾಲ್ಮಿಯಾ ಬಡಾವಣೆಯ ನಮ್ಮ ಕಟ್ಟಡದ ಕನ್ನಡಿಗರಿಗೆ ಶುಕ್ರವಾರಗಳಂದು ಇದನ್ನೇ ಬೋಧಿಸುತ್ತಿದ್ದೆ. ಅವರು ಚಹಾ ಕುಡಿದು ಹೋಗುತ್ತಿದ್ದರು.

ತೊಂಬತ್ತರ ಆಗಸ್ಟಿನಲ್ಲಿ ಕುವೈತಿಗೆ ಇರಾಕಿನ ಸೇನೆ ನುಗ್ಗಿತು. ಕೆಲವು ವಾರಗಳ ಬಳಿಕ ಜೋರ್ಡಾನಿಗೆ ಹೊರಟು ನಿಂತ ಬಸ್ಸಿನಲ್ಲಿ ನನ್ನ ಪಕ್ಕ ಗಿರಿಜಕ್ಕ ಕೂತಿದ್ದರು. ಕುವೈತಿ ಮನೆಯೊಂದರಲ್ಲಿ ಅಡುಗೆ ಮಾಡುತ್ತಿದ್ದ ತುಳುನಾಡಿನವರು. ದುಡಿದು ಕೂಡಿಸಿದ ಚಿನ್ನವೆಲ್ಲ ಅವರ ಮಡಿಲಿನ ಹಾಲಿನಪುಡಿ ಡಬ್ಬಿಯಲ್ಲಿತ್ತು. ದಾರಿಯ ತಪಾಸಣೆಗಳಲ್ಲಿ ಚಿನ್ನ ಉಳಿಯುವುದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಜನರಿಗೆ ಧೈರ್ಯ ತುಂಬಲೆಂದು ನಾನು ನಾಣ್ಯವನ್ನು ಎತ್ತಿ ಹಿಡಿದು ಅಥೆನ್ಸಿನ ಬಗ್ಗೆ ಎರಡು ಮಾತು ಆರಂಭಿಸಿದೆ.

“ಎಂತ ಮಾರಾಯ್ರೆ ನೀವು, ಇಂಥ ಹೊತ್ತಿನಲ್ಲಿ ಗೂಬೆ ಹಿಡ್ಕೊಂಡು ಊರಿಗೆ ಹೊರಟದ್ದಾ?” ಎಂದರು ಗಿರಿಜಕ್ಕ.

ಗೂಬೆ ಬಸ್ಸಿನಲ್ಲಿ ಬರಬಹುದೇ ಎಂಬುದನ್ನು ನಾನು ಮತಕ್ಕೆ ಹಾಕಿದೆ. ಪರವಾಗಿ ಕೈಯೆತ್ತಿದವನು ನಾನೊಬ್ಬನೇ. ಅಷ್ಟರಲ್ಲಿ ಚಾಲಕ “ಖಲಾಸ್, ಯಲ್ಲಾ”, ಸಾಕು, ಹೊರಡೋಣ, ಎಂದು ಬಸ್ಸು ಬಿಟ್ಟದ್ದರಿಂದ ಗೂಬೆ ಉಳಿಯಿತು, ನನ್ನ ಕಾಲುಚೀಲದೊಳಗೆ, ತಲೆಕೆಳಗಾಗಿ.

ತಪಾಸಣೆಯ ಸೈನಿಕ ಮೊದಲು ಹುಡುಕಿದ್ದೇ ಕಾಲುಚೀಲಗಳನ್ನು. ದೇವಿಯನ್ನು ಕಂಡು ಅರಳಿದ ಅವನ ಮುಖ, ನಾಣ್ಯ ತಿರುಗಿಸಿ ಗೂಬೆಯನ್ನು ಕಂಡೊಡನೆ ಬಿಳಿಚಿತು. ನಾಣ್ಯ ಅವನ ಕೈಯಿಂದ ಜಾರಿತು. ಅವನ ಮೌಢ್ಯ ನಿವಾರಿಸಲು ನಾನು ಇಂಗ್ಲಿಷಿನಲ್ಲಿ ಭಾಷಣಕ್ಕೆ ತೊಡಗಿದೆ.

“ಬಾಯಿ ಮುಚ್ಚಿ ಮಾರಾಯ್ರೆ,” ಎಂದು ಗಿರಿಜಕ್ಕ ನನ್ನ ಪಾದ ತುಳಿದರು. ಆ ಹೆದರಿಕೆ ಅವರಿಗೆ ಚೆನ್ನಾಗಿ ಪರಿಚಯವಿತ್ತು. ಸೈನಿಕ ಡಬ್ಬಿಯತ್ತ ಕೈಚಾಚಿದಾಗ ತಾವೇ ಅದನ್ನು ಗಲಗಲ ಅಲ್ಲಾಡಿಸಿ, ಅಡುಗೆಮನೆಯ ಅರಬ್ಬಿಯಲ್ಲಿ ಹೇಳಿದರು: “ಕುಲ್ಲು ಬೂಮಾ.” ಎಲ್ಲವೂ ಗೂಬೆಗಳೇ.

ಅವನು ಉಳಿದ ಯಾರನ್ನೂ ಮುಟ್ಟದೆ ಬಸ್ಸಿನಿಂದ ಇಳಿದ.

ಬಹಳ ದೂರ ಸಾಗಿದ ಮೇಲೆ ಗಿರಿಜಕ್ಕ ಕೆಳಗೆ ಬಿದ್ದಿದ್ದ ನಾಣ್ಯವನ್ನು ಸೆರಗಿನ ತುದಿಯಲ್ಲಿ ಹಿಡಿದು ನನಗೆ ಕೊಟ್ಟರು. “ಊರಿಗೆ ಮುಟ್ಟಿದ ಮೇಲೆ ಇದನ್ನು ಸಮುದ್ರಕ್ಕೆ ಬಿಸಾಡಿ, ಆಯ್ತಾ?”

ಮೌಢ್ಯದ ವಿರುದ್ಧ ನಾನು ಹೊತ್ತು ತಿರುಗಿದ ಸಾಕ್ಷಿ ಅಂದು ಎದುರು ಪಕ್ಷದ ಪರವಾಗಿ ನುಡಿಯಿತು. ನಾನು ಅದನ್ನು ಬಿಸಾಡಲಿಲ್ಲ. ಮತಕ್ಕೆ ಹಾಕುವುದನ್ನು ಮಾತ್ರ ಬಿಟ್ಟೆ. ಇಂದು ಸಂಜೆ ಕಾರ್ಯದರ್ಶಿಗಳಿಗೆ ಅಥೆನ್ಸಿನ ಕತೆ ಹೇಳಲಿಲ್ಲ, ಹೆದರಿಕೆಯಾಗುತ್ತಿದೆಯೇ ಎಂದು ಕೇಳಿದೆ. ಆಗುತ್ತಿದೆ ಎಂದರು. ಇಬ್ಬರೂ ತೊಟ್ಟಿಯ ಕೆಳಗೆ ನಿಂತು ಗೂಬೆಯನ್ನು ನೋಡಿದೆವು. ಕೋಲು ಗೋಡೆಗೆ ಒರಗಿತ್ತು.

ನಿಮ್ಮ ಮಾಳಿಗೆಗೂ ಒಂದು ಬಂದರೆ, ದಯವಿಟ್ಟು ಕಲ್ಲು ಹೊಡೆಯಬೇಡಿ.