ಬೆಟ್ಟದಪುರದಲ್ಲಿ ಸಮುದ್ರ ದಾಟಿದ್ದು

ಕಳೆದ ಭಾನುವಾರ ಮಟಮಟ ಮಧ್ಯಾಹ್ನ, ಬೆಟ್ಟದಪುರದಲ್ಲಿ, ನಮ್ಮತ್ತೆಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಗೋಣಿಚೀಲದ ಮೇಲೆ ಕೂತು ನಾನು ಸಮುದ್ರ ದಾಟಿದೆ.

ನಗಬೇಡಿ. ಅದಕ್ಕಾಗಿ ಹತ್ತು ವರ್ಷ ಕಾದಿದ್ದೇನೆ.

ಒಪ್ಪಿಕೊಂಡುಬಿಡುತ್ತೇನೆ. ವಾರವಾರ ನಿಮಗೆ ಬುದ್ಧಿ ಹೇಳುವ, ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ, ನಲವತ್ತಕ್ಕೆ ಎರಡೇ ವರ್ಷ ಬಾಕಿಯಿರುವ ಈ ಹೆಂಗಸು ಮೂರು ತಿಂಗಳಿಂದ ವಿಡಿಯೋ ಗೇಮ್ ಆಡುತ್ತಿದ್ದಾಳೆ. ಬಸ್ಸಿನಲ್ಲಿ ಆಡುತ್ತಾಳೆ. ಕುಕ್ಕರ್ ಮೂರು ಸಲ ಕೂಗುವುದರೊಳಗೆ ಆಡುತ್ತಾಳೆ. ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕದ ಮರೆಯಲ್ಲೂ ಆಡುತ್ತಾಳೆ. (ಪ್ರಿನ್ಸಿಪಾಲರು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ಇದು ಕಾರು ಓಡಿಸುವ, ಗುಂಡು ಹಾರಿಸುವ ಆಟವಲ್ಲ. ಜಪಾನಿನವರ ಕಥೆಯ ಆಟ. ಒಬ್ಬ ನಾಯಕ, ಅವನಿಗೆ ಮೂವರು ಜೊತೆಗಾರರು. ಊರಿಂದೂರಿಗೆ ನಡೆಯಬೇಕು, ರಾಕ್ಷಸರನ್ನು ಹೊಡೆಯಬೇಕು, ಹೊಡೆದಷ್ಟೂ ಲೆವೆಲ್ ಏರುತ್ತದೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ರಾಜಕುಮಾರನ ಕಥೆಯೇ. ಆದರೆ ಇಲ್ಲಿ ರಾಜಕುಮಾರ ನಾವೇ.

ಹತ್ತು ವರ್ಷದ ಹಿಂದೆ ನಾನು ಹುಣಸೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ತಮ್ಮ ಸುರೇಶ ನನ್ನ ಜೊತೆ ಇದ್ದು ಡಿಪ್ಲೊಮಾ ಓದುತ್ತಿದ್ದ. ಒಂದು ದಸರಾ ರಜೆಯಲ್ಲಿ ವಿಡಿಯೋ ಲೈಬ್ರರಿಯಿಂದ ಟೀವಿಗೆ ಸಿಕ್ಕಿಸುವ ಗೇಮ್ ಬಾಡಿಗೆಗೆ ತಂದ. ಕ್ಯಾಸೆಟ್ ಪೂರ್ತಿ ಜಪಾನಿ ಭಾಷೆ. ಅದರೊಳಗಿನ ಸೆಲ್ ಯಾವ ಕಾಲದಲ್ಲಿ ಸತ್ತಿತ್ತೋ, ಆಡಿದ್ದು ಸೇವ್ ಆಗುತ್ತಿರಲಿಲ್ಲ. ಎರಡು ದಿನ ಮೆಷಿನ್ ಆರಿಸದೆ, ಅಂದಾಜಿನ ಮೇಲೆ ಗುಂಡಿ ಒತ್ತಿ ಒತ್ತಿ, ಕೊನೆಗೆ ಸಮುದ್ರ ತೀರಕ್ಕೆ ಬಂದೆವು. ದೋಣಿ ನಿಂತಿದೆ. ದೋಣಿಯವನು ಏನೋ ಹೇಳುತ್ತಾನೆ, ಹತ್ತಿಸಿಕೊಳ್ಳುವುದಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಬಂದಾಗ ಮತ್ತೆ ಮೊದಲನೇ ಊರು. ಮರುದಿನ ಗೇಮ್ ವಾಪಸ್ಸು. ಸಮುದ್ರದ ಆಚೆ ಏನಿದೆ? ಹತ್ತು ವರ್ಷದಲ್ಲಿ ಅಕ್ಕ ತಮ್ಮ ಎಷ್ಟು ಸಲ ಇದನ್ನು ಮಾತಾಡಿಕೊಂಡಿದ್ದೇವೋ ಲೆಕ್ಕವಿಲ್ಲ.

ಸುರೇಶ ಈಗ ಕೆ.ಆರ್. ನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮೂರು ತಿಂಗಳ ಹಿಂದೆ ಫೋನ್ ಮಾಡಿದ.

"ಅಕ್ಕ, ಕೂತಿದ್ದೀಯಾ, ನಿಂತಿದ್ದೀಯಾ? ಅದೇ ಆಟ ಕಣಕ್ಕ. ಅಂಗೈಯಷ್ಟಗಲದ ಮೆಷಿನ್ನಲ್ಲಿ ಬಂದದೆ. ಅದೂ ಇಂಗ್ಲಿಷಲ್ಲಿ."

ಯಾರೋ ಗಿರಾಕಿ ಸ್ಕ್ರೀನ್ ರಿಪೇರಿಗೆ ಕೊಟ್ಟು ಕೆಲಸದ ಮೇಲೆ ಕೇರಳಕ್ಕೆ ಹೋಗಿದ್ದನಂತೆ. ಸುಮ್ಮನಿಟ್ಟರೆ ಬ್ಯಾಟರಿ ಕೆಡುತ್ತದೆ, ಬರುವವರೆಗೆ ಆಡುತ್ತಿರಿ ಎಂದಿದ್ದನಂತೆ. ಇಂಥ ದೇವರಂಥ ಗಿರಾಕಿಗಳೂ ಇರುತ್ತಾರೆ.

"ಟೆಸ್ಟ್ ಮಾಡ್ಬೇಕಿತ್ತು," ಎಂದ.

"ನಾನು ಮಾಡ್ತೀನಿ ಕಣೋ," ಎಂದೆ. ಮುಂದಿನ ಬಸ್ಸಿಗೆ ಹೋಗಿ ತಂದೆ.

ಆಗಷ್ಟೇ ನನಗೆ ಹುಣಸೂರಿನಿಂದ ಎಚ್.ಡಿ. ಕೋಟೆಗೆ ವರ್ಗವಾಗಿತ್ತು. ಹೊಸ ಊರು, ಬಾಡಿಗೆ ಮನೆ, ಪರಿಚಯದವರಿಲ್ಲ. ಸಂಜೆ ಹೊತ್ತು ಮೆಷಿನ್ನೇ ಗೆಳತಿ. (ವರ್ಗದ ವಿಷಯ ಬೆಟ್ಟದಪುರದ ಅತ್ತೆಗೆ ಹೇಳಿರಲಿಲ್ಲ. ನನ್ನನ್ನು ಸಾಕಿ ಓದಿಸಿದ ಸೋದರತ್ತೆ ಪುಟ್ಟತಾಯಮ್ಮ. ನಾನು ಒಂದೇ ಬಸ್ಸಿನ ದೂರದಲ್ಲಿದ್ದೇನೆ ಎಂಬುದೇ ಅವಳಿಗೆ ಸಮಾಧಾನ. ಎದುರಾದಾಗ ಹೇಳಿದರಾಯಿತು ಎಂದು ದಿನ ತಳ್ಳುತ್ತಿದ್ದೆ.)

ಈ ಸಲ ಸೇವ್ ಆಗುತ್ತದೆ, ಕರೆಂಟಿನ ಹಂಗಿಲ್ಲ, ಇಂಗ್ಲಿಷ್ ಬೇರೆ. ಕೆರೆಯ ರಾಕ್ಷಸನನ್ನು ಕೊಂದು ಜುಮ್ಮೆಂದು ಸಮುದ್ರ ತೀರಕ್ಕೆ ಬಂದೆ. ಅದೇ ದೋಣಿ! ಅದೇ ದೋಣಿಯವನು! "ನೀನು ಇನ್ನೂ ಹೊರಡುವ ಹಾಗಿಲ್ಲ," ಎಂದ.

ಓಹೋ, ಲೆವೆಲ್ ಸಾಲದು ಎಂದುಕೊಂಡೆ. ಕಾಡಿಗೆ ಹೋಗಿ ಬಾವಲಿಗಳನ್ನು ಹೊಡೆದೆ. ಮೂರು ವಾರ ಬರೀ ಬಾವಲಿ. ಇಪ್ಪತ್ತರಿಂದ ಮೂವತ್ತೊಂದನೇ ಲೆವೆಲ್ಲಿಗೆ ಏರಿದೆ. ದೋಣಿಯವನದು ಅದೇ ಮಾತು. ಅಷ್ಟರಲ್ಲಿ ಸುರೇಶನ ಫೋನು: ಗಿರಾಕಿ ಸೋಮವಾರ ಬರುತ್ತಾನೆ.

ಭಾನುವಾರ ಬೆಟ್ಟದಪುರಕ್ಕೆ ಹೋದೆ. ವರ್ಗದ ವಿಷಯ ಹೇಳಿಯೇ ಬಿಡುವುದೆಂದು ಹೋದದ್ದು. ಆದರೆ ಕೈಯಲ್ಲಿ ಉಳಿದದ್ದು ಒಂದೇ ದಿನ ನೋಡಿ. ಹೇಳುವುದು ಬಿಟ್ಟು ಆಡುತ್ತಾ ಕೂತೆ.

ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು. ಅತ್ತೆ ಒಲೆಗೆ ಸೌದೆ ನೂಕುವುದು, ಥರ್ಮಾಮೀಟರ್ ನೋಡುವುದು, ಬಂದು ಕೂಲಿಯ ಇಬ್ಬರು ಹೆಂಗಸರ ಜೊತೆ ಮುಂದಿನ ಸಲದ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದು, ಹೀಗೆ ನಡೆಸಿದ್ದಳು.

"ಅದೇನವ್ವ ಅದು, ಬಂದಾಗಿಂದ ಅದ್ರೊಳಕ್ಕೇ ಮಕ ಇಕ್ಕೊಂಡಿದ್ದೀಯ?"

ತೋರಿಸಿದೆ. ನನ್ನ ನಾಯಕ ಒಂದು ಮನೆಗೆ ನುಗ್ಗಿ, ಪೆಟ್ಟಿಗೆ ತೆಗೆದು, ಔಷಧಿ ಎತ್ತಿಕೊಂಡು ಹೊರಗೆ ಬಂದ.

"ಯಾರ ಮನೆ ಅದು?"

"ಗೊತ್ತಿಲ್ಲ ಅತ್ತೆ."

"ಮಾತಾಡ್ಸದೆ ಪೆಟ್ಟಿಗೆ ತೆಗ್ದು ಬಂದ್ಬುಟ್ಟಾ?"

ಆಟದಲ್ಲಿ ಹಾಗೇ ಎಂದೆ. ಅವಳಿಗೆ ಸರಿಬರಲಿಲ್ಲ. ಮೊದಲಿಂದ ಕಥೆ ಹೇಳು ಎಂದಳು. ಹೇಳಿದೆ. ತಾಯಿತಂದೆ ಇಲ್ಲದ ನಾಯಕ, ಸಾಕಿದ ಮುದುಕಿ, ಊರಿನ ಕೆರೆಯಲ್ಲಿ ಸೇರಿಕೊಂಡ ರಾಕ್ಷಸ, ಮುದುಕಿ ಕೊಟ್ಟ ಕತ್ತಿ, ರಾಕ್ಷಸನ ಸಾವು, ಆಮೇಲೆ ಸೀದಾ ಸಮುದ್ರ, ಹಟಮಾರಿ ದೋಣಿಯವನು.

"ಮುದುಕಿಗೆ ಯೋಳ್ಬುಟ್ಟು ಬಂದ್ಯಾ?"

"ಯಾಕೆ? ಅವಳ ಹತ್ತಿರ ಕೆಲಸ ಮುಗೀತಲ್ಲ."

ಅತ್ತೆ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು.

"ಕೆಲ್ಸ ಮುಗುದ್ಮೇಲೇ ಅಲ್ವೇನವ್ವ ಯೋಳ್ಬುಟ್ಟು ಓಗೋದು?"

ನನಗೆ ಮೈಯೆಲ್ಲಾ ರೋಮಾಂಚನ. ಹೌದಲ್ಲ! ರಾಕ್ಷಸ ಸತ್ತ ಮೇಲೆ ನಾನು ಮೊದಲನೇ ಊರಿನ ಕಡೆ ತಲೆ ಹಾಕಿರಲೇ ಇಲ್ಲ. ಅಲ್ಲಿ ಹೊಡೆಯಲು ಏನೂ ಇರಲಿಲ್ಲವಲ್ಲ, ಯಾಕೆ ಹೋಗಲಿ?

ಓಡಿದೆ. ಅಂದರೆ ನಾಯಕನನ್ನು ಓಡಿಸಿದೆ. ಕಾಡು ದಾಟಿ, ಸೇತುವೆ ದಾಟಿ, ಕೆರೆ ಏರಿಯ ಮೇಲೆ. ಅಷ್ಟರಲ್ಲಿ ಬ್ಯಾಟರಿಯ ಕೆಂಪು ದೀಪ ಮಿನುಗತೊಡಗಿತು. ಚಾರ್ಜರ್ ಎಚ್.ಡಿ. ಕೋಟೆಯ ಮನೆಯಲ್ಲಿ! ಸೊಪ್ಪು ಕಟ್ಟುತ್ತಿದ್ದ ಇಬ್ಬರು ಹೆಂಗಸರೂ ಕೆಲಸ ಬಿಟ್ಟು ನನ್ನ ಹೆಗಲ ಮೇಲಿಂದ ಇಣುಕಿದರು.

ಮುದುಕಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮಾತನ್ನು ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದೆ: "ನೀನು ದೂರ ಹೊರಟಿದ್ದೀಯೆಂದು ಊರವರು ಹೇಳಿದರು. ನೀನೇ ಬಂದು ಹೇಳುತ್ತೀಯೆಂದು ಕಾದಿದ್ದೆ."

ಹೆಂಗಸರು ಲೊಚಗುಟ್ಟಿದರು. ಅತ್ತೆ ಎದ್ದು ಹೋಗಿ ಒಲೆಗೆ ಸೌದೆ ನೂಕಿದಳು.

ಮುದುಕಿ ಒಂದು ಲಾಟೀನು ಕೊಟ್ಟಳು. ವಾಪಸ್ಸು ಓಟ. ದೋಣಿಯವನು ಲಾಟೀನು ನೋಡಿದ, ಹಗ್ಗ ಬಿಚ್ಚಿದ. ಸಂಗೀತವೇ ಬದಲಾಯಿತು ಕಣ್ರೀ! ನೀಲಿ ನೀರು, ಆಮೇಲೂ ನೀಲಿ ನೀರು, ಆಮೇಲೆ ಬೆಳ್ಳಗೆ ಮಂಜಿನ ಬೆಟ್ಟಗಳು. ಸೇವ್ ಒತ್ತಿದೆ. ಸೇವ್ ಆಯಿತು. ಮೆಷಿನ್ ಆರಿತು.

ನಾನು ಗೋಣಿಚೀಲದ ಮೇಲೆ ನಿಂತು ಕುಣಿದೆ. ಸುರೇಶನಿಗೆ ಫೋನ್ ಮಾಡಿದೆ.

"ದಾಟಿದೆ ಕಣೋ."

"ಆಚೆ ಏನದೆ ಅಕ್ಕ?"

"ಮಂಜಿನ ಬೆಟ್ಟ ಕಣೋ. ಕಣ್ಣು ಹಾಯೋವರೆಗೂ ಬಿಳಿ."

ಮೂವತ್ತೆಂಟನೇ ವಯಸ್ಸಿನಲ್ಲಿ ಇಷ್ಟು ಖುಷಿ ಯಾರಿಗೆ ಸಿಗುತ್ತದೆ ಹೇಳಿ? ಆ ಖುಷಿಯಲ್ಲೇ ಊಟ ಮಾಡಿದೆ, ಹೆಂಗಸರಿಗೆ ಕಥೆಯನ್ನು ಇನ್ನೊಂದು ಸಲ ಹೇಳಿದೆ, ಬಸ್ಸಿನ ಹೊತ್ತಾಯಿತೆಂದು ಬ್ಯಾಗು ಹೆಗಲಿಗೇರಿಸಿದೆ.

"ಹೋಗಿ ಬರ್ತೀನಿ ಅತ್ತೆ."

ಅತ್ತೆ ತಲೆ ಎತ್ತಲಿಲ್ಲ. ಸೊಪ್ಪು ಕಟ್ಟುತ್ತಲೇ ಕೇಳಿದಳು.

"ಎಲ್ಗವ್ವಾ? ಉಣಸೂರ್ಗಾ, ಕ್ವಾಟೆಗಾ?"

ಮೂವತ್ತೊಂದನೇ ಲೆವೆಲ್ಲಿನವಳು ಬ್ಯಾಗು ಇಳಿಸಿ ಮತ್ತೆ ಗೋಣಿಚೀಲದ ಮೇಲೆ ಕೂತಳು.